ರಾತ್ರಿಯ ತಳವಾರ: ನಮ್ಮ ಶ್ವಾಸವನ್ನು ನಡಿಸುವ ಮಿದುಳಿನ ಪಾಠ

ಸಂಜೆಯ ಪ್ರಾರ್ಥನೆ ಮುಗಿದು, ದೀಪವನ್ನು ಆರಿಸಿ, ಮನೆಯವರೆಲ್ಲರು ಮಲಗಿದ ಮೇಲೆ ಎಚ್ಚರವಾಗಿರುವ ತಾಯಿಯು ಕತ್ತಲೆಯಲ್ಲಿ ಏನನ್ನು ಆಲಿಸುತ್ತಾಳೆ? ತನ್ನ ಮಗ್ಗುಲಲ್ಲಿರುವ ಕೂಸಿನ ಉಸಿರನ್ನು ಆಲಿಸುತ್ತಾಳೆ. ಅದು ಸಮವಾಗಿ ನಡೆಯುತ್ತಿದ್ದರೆ ಆಕೆಯ ಮನಸ್ಸಿಗೆ ಸಮಾಧಾನ. ಒಂದು ಕ್ಷಣ ತಡೆದಂತೆ ತೋರಿದರೆ ಕೈಚಾಚಿ ಕೂಸಿನ ಎದೆಯನ್ನು ಮುಟ್ಟಿನೋಡುತ್ತಾಳೆ. ಕೂಸಾದರೋ ಇದೊಂದನ್ನೂ ಅರಿಯದು. ತಾನು ಉಸಿರಾಡುತ್ತಿದ್ದೇನೆಂಬದು ಸಹ ಅದಕ್ಕೆ ತಿಳಿಯದು. ಹಾಗಾದರೆ ಮಲಗಿರುವವನ ಶ್ವಾಸವನ್ನು ನಡಿಸುವವರು ಯಾರು?

ದೇವರು ಎಂದು ನಮ್ಮ ಸಭೆಯ ಚಿಕ್ಕ ಮಕ್ಕಳೂ ಉತ್ತರ ಕೊಡುವರು. ಆ ಉತ್ತರವು ಸತ್ಯವೇ. ಆದರೆ ಮಳೆಯನ್ನು ಕೊಡುವವನು ದೇವರೆಂದು ನಂಬುವ ಬೇಸಾಯಗಾರನು ಮೋಡವನ್ನೂ ಗಾಳಿಯನ್ನೂ ನೆಲದ ಹದವನ್ನೂ ನೋಡಿ ಕಲಿಯುವದನ್ನು ಬಿಡುವದಿಲ್ಲವಷ್ಟೆ. ಅದರಂತೆ, ದೇವರು ಯಾವ ಸಾಧನಗಳಿಂದ ನಮ್ಮ ಉಸಿರನ್ನು ಕಾಯುತ್ತಾನೆಂಬದನ್ನು ಈ ತಿಂಗಳ ಪಾಠದಲ್ಲಿ ನೋಡುವೆವು. ಇದು ಬರಿಯ ಕುತೂಹಲದ ಮಾತಲ್ಲ. ಈ ಸಾಧನಗಳನ್ನು ಅರಿಯದ ಕಾರಣ, ಉಸಿರು ಕಟ್ಟಿದ ಕೂಸಿಗೆ ದೆವ್ವ ಹಿಡಿಯಿತೆಂದೂ, ತಾಯಿಯ ಪಾಪವೇ ಕಾರಣವೆಂದೂ ಹೇಳುವವರು ಇನ್ನೂ ಇದ್ದಾರೆ. ಬದುಕಬಹುದಾದ ಜೀವಗಳು ಕೈತಪ್ಪಿ ಹೋಗುತ್ತಲೂ ಇವೆ.

೧. ತಿದಿಯೂ ಅದನ್ನು ಎಳೆಯುವ ಕೈಯೂ

ಕಮ್ಮಾರನ ಕುಲುಮೆಯನ್ನು ನೋಡದವರು ನಮ್ಮಲ್ಲಿ ಕಡಿಮೆ. ತಿದಿಯು ತಾನಾಗಿ ಗಾಳಿಯನ್ನು ಸೆಳೆಯದು. ಅದನ್ನು ಎಳೆಯುವ ಕೈ ಬೇಕು. ನಮ್ಮ ಎದೆಯಲ್ಲಿರುವ ಎರಡು ಶ್ವಾಸಕೋಶಗಳೂ ಅಂಥವೇ. ಅವುಗಳಿಗೆ ಸ್ವಂತ ಬಲವಿಲ್ಲ. ಅವುಗಳ ಕೆಳಗೆ, ಎದೆಗೂ ಹೊಟ್ಟೆಗೂ ನಡುವೆ, ವಪೆ ಎಂಬ ಮಾಂಸದ ಪರದೆಯಿದೆ. ಅದು ಬಿಗಿದು ಕೆಳಗಿಳಿದಾಗ ಎದೆಯು ಅಗಲವಾಗಿ ಗಾಳಿಯು ಒಳಗೆ ಬರುತ್ತದೆ. ಅದು ಸಡಿಲಾದಾಗ ಗಾಳಿಯು ಹೊರಗೆ ಹೋಗುತ್ತದೆ. ಪಕ್ಕೆಲುಬುಗಳ ನಡುವಣ ಮಾಂಸಗಳೂ ಈ ಕೆಲಸಕ್ಕೆ ನೆರವಾಗುತ್ತವೆ. ಬೆಳೆದ ಮನುಷ್ಯನು ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ೧೨ರಿಂದ ೨೦ ಸಾರಿ ಉಸಿರಾಡುತ್ತಾನೆ. ಒಂದೊಂದು ಸಾರಿಗೆ ಸುಮಾರು ಅರ್ಧ ಲೀಟರು ಗಾಳಿ ಒಳಗೆ ಹೋಗುತ್ತದೆ. ಹೀಗೆ ಹಗಲು ರಾತ್ರಿ ಕೂಡಿಸಿದರೆ ದಿನಕ್ಕೆ ಇಪ್ಪತ್ತು ಸಾವಿರದಷ್ಟು ಉಸಿರುಗಳಾಗುವವು. ಹೊಸದಾಗಿ ಹುಟ್ಟಿದ ಕೂಸು ನಿಮಿಷಕ್ಕೆ ೩೦ರಿಂದ ೬೦ ಸಾರಿ ಉಸಿರಾಡುತ್ತದೆ.

ಇನ್ನೊಂದು ಭೇದವನ್ನು ಇಲ್ಲಿ ಗಮನಿಸಬೇಕು. ಹೃದಯವನ್ನು ದೇಹದಿಂದ ಹೊರಗೆ ತೆಗೆದರೂ ಅದು ಕೆಲವು ಹೊತ್ತು ತಾನಾಗಿ ಮಿಡಿಯಬಲ್ಲದು, ಯಾಕಂದರೆ ಅದರ ತಾಳವು ಅದರೊಳಗೇ ಇದೆ. ವಪೆಗೆ ಅಂಥ ತಾಳವಿಲ್ಲ. ಪ್ರತಿಯೊಂದು ಉಸಿರಿಗೂ ಮಿದುಳಿನಿಂದ ಅಪ್ಪಣೆ ಹೊರಟು, ಬೆನ್ನುಹುರಿಯನ್ನು ಇಳಿದು, ಕುತ್ತಿಗೆಯಿಂದ ಹೊರಡುವ ಒಂದು ಜೊತೆ ನರಗಳ ಮೂಲಕ ವಪೆಯನ್ನು ಮುಟ್ಟಬೇಕು. ಅಪ್ಪಣೆ ಬಾರದಿದ್ದರೆ ತಿದಿಯು ನಿಂತುಹೋಗುವದು. ತಿದಿಯನ್ನು ಎಳೆಯುವ ಕೈ ಮಿದುಳಿನದೇ.

೨. ಕಾವಲಿನ ಮನೆ

ಮಿದುಳಿನಲ್ಲಿ ಈ ಅಪ್ಪಣೆ ಹೊರಡುವ ಸ್ಥಳ ಯಾವದು? ಇದನ್ನು ಕಂಡುಹಿಡಿಯುವದಕ್ಕೆ ಅನೇಕ ಶತಮಾನಗಳು ಹಿಡಿದವು. ಅಪೊಸ್ತಲರ ಕಾಲವು ಕಳೆದ ಮುಂದಿನ ಶತಮಾನದಲ್ಲಿ, ಚಿಕ್ಕ ಆಸ್ಯದ ಪೆರ್ಗಮ ಪಟ್ಟಣದಲ್ಲಿ ಗಲೇನನೆಂಬ ವೈದ್ಯನಿದ್ದನು. ಪ್ರಕಟನೆಯ ಏಳು ಸಭೆಗಳಲ್ಲಿ ಒಂದು ಈ ಪೆರ್ಗಮದಲ್ಲೇ ಇತ್ತೆಂಬದು ವಾಚಕರಿಗೆ ನೆನಪಿರಬಹುದು. ಆ ವೈದ್ಯನು ಕತ್ತಿಯಾಟದ ಮಲ್ಲರ ಗಾಯಗಳಿಗೆ ಔಷಧ ಮಾಡುತ್ತಿದ್ದನು. ಕುತ್ತಿಗೆಯ ಮೇಲ್ಭಾಗದಲ್ಲಿ ಬೆನ್ನುಹುರಿಯು ಕಡಿದುಹೋದರೆ ಉಸಿರು ಕೂಡಲೇ ನಿಲ್ಲುವದೆಂದೂ, ಅದಕ್ಕಿಂತ ಕೆಳಗೆ ಕಡಿದರೆ ಉಸಿರು ನಡೆಯುವದೆಂದೂ ಪ್ರಾಣಿಗಳಲ್ಲಿ ಪರೀಕ್ಷಿಸಿ ತಿಳಿದವನು ಅವನೇ. ಬಹುಕಾಲದ ತರುವಾಯ ಫ್ರಾನ್ಸ್ ದೇಶದ ಲೆಗಾಲುವಾ ಎಂಬ ವೈದ್ಯನು ಮೊಲಗಳಲ್ಲಿ ಪರೀಕ್ಷೆಗಳನ್ನು ನಡಿಸಿ, ಶ್ವಾಸದ ಮೂಲವು ಮಿದುಳಿನ ಬುಡದಲ್ಲಿರುವ ಒಂದು ಚಿಕ್ಕ ಪ್ರದೇಶವೆಂದು ತೋರಿಸಿ, ೧೮೧೨ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದನು.

ತಲೆಯ ಹಿಂಭಾಗದಲ್ಲಿ, ಕುತ್ತಿಗೆಯು ತಲೆಬುರುಡೆಯನ್ನು ಸೇರುವ ತಾಣಕ್ಕೆ ಬೆರಳಿಡಿರಿ. ಅದರ ಒಳಗೆ ಮಿದುಳಿನ ಕಾಂಡವು ಬೆನ್ನುಹುರಿಯಾಗಿ ಇಳಿಯುತ್ತದೆ. ಆ ಕಾಂಡದ ಕೆಳತುದಿಗೆ ಮೆಡುಲ್ಲಾ ಎಂದು ಹೆಸರು. ೧೯೯೧ರಲ್ಲಿ ಸ್ಮಿತ್, ಫೆಲ್ಡ್‌ಮನ್ ಮೊದಲಾದ ಶಾಸ್ತ್ರಜ್ಞರು ಆಗ ತಾನೇ ಹುಟ್ಟಿದ ಇಲಿಮರಿಗಳ ಮೆಡುಲ್ಲಾದಿಂದ ತೆಳ್ಳಗಿನ ಬಿಲ್ಲೆಗಳನ್ನು ಕತ್ತರಿಸಿ, ತಕ್ಕ ದ್ರವದಲ್ಲಿ ಇಟ್ಟು ನೋಡಿದರು. ದೇಹವಿಲ್ಲ, ಶ್ವಾಸಕೋಶವಿಲ್ಲ, ಆದರೂ ಆ ಬಿಲ್ಲೆಯಲ್ಲಿದ್ದ ಒಂದು ಚಿಕ್ಕ ನರಗುಂಪು ಉಸಿರಿನ ತಾಳವನ್ನು ಹಾಕುತ್ತಲೇ ಇತ್ತು. ಆ ಗುಂಪಿಗೆ ಪ್ರಿಬೊಟ್ಸಿಂಗರ್ ಸಂಕೀರ್ಣವೆಂದು ಹೆಸರಿಟ್ಟರು. ಹೆಸರು ಕಠಿಣವಾದರೂ ಕೆಲಸವು ಸುಲಭವಾಗಿ ತಿಳಿಯತಕ್ಕದ್ದು. ಊರಿನ ತಳವಾರನು ರಾತ್ರಿಯೆಲ್ಲಾ ಕೋಲು ಬಡಿಯುತ್ತಾ ಕೇರಿಕೇರಿಗೆ ಸುತ್ತುವ ಹಾಗೆ, ಕೆಲವೇ ಸಾವಿರ ಜೀವಕೋಶಗಳ ಈ ಗುಂಪು ನಾವು ಮಲಗಿರಲಿ ಎದ್ದಿರಲಿ ತಾಳ ತಪ್ಪದೆ ಬಡಿಯುತ್ತಾ ಇರುತ್ತದೆ. ಅದು ಮಲಗಿದರೆ ನಾವು ಏಳುವದಿಲ್ಲ.

೩. ತಳವಾರನಿಗೆ ಸುದ್ದಿ ತರುವವರು

ತಳವಾರನು ಕಿವುಡನಾಗಿದ್ದರೆ ಊರಿಗೆ ಪ್ರಯೋಜನವೇನು? ಹೊಲದಲ್ಲಿ ಕೆಲಸ ಮಾಡುವಾಗ ಉಸಿರು ಹೆಚ್ಚಬೇಕು, ಕುಳಿತಾಗ ಕಡಿಮೆಯಾಗಬೇಕು. ಆದಕಾರಣ ಮೆಡುಲ್ಲಾಕ್ಕೆ ದೇಹದ ಮೂಲೆಮೂಲೆಗಳಿಂದ ಸುದ್ದಿ ಬರುತ್ತಲಿರುತ್ತದೆ.

ಇವುಗಳಲ್ಲಿ ಮುಖ್ಯವಾದ ಸುದ್ದಿ ಇಂಗಾಲದ ವಾಯುವಿನದು. ಒಲೆಯಲ್ಲಿ ಸೌದೆ ಉರಿದರೆ ಹೊಗೆ ಏಳುವಂತೆ, ನಮ್ಮ ದೇಹದಲ್ಲಿ ಆಹಾರವು ಕರಗಿ ಬಲವಾಗುವಾಗ ಈ ವಾಯು ಹುಟ್ಟಿ ರಕ್ತದಲ್ಲಿ ಸೇರುತ್ತದೆ. ಶಾಲೆಯ ಮಕ್ಕಳು ಇದನ್ನು ಇಂಗಾಲದ ಡೈಆಕ್ಸೈಡ್ ಎಂದು ಕಲಿಯುತ್ತಾರೆ. ಮನುಷ್ಯನಿಗೆ ಪ್ರಾಣವಾಯು ಕಡಿಮೆಯಾದಾಗಲೇ ಉಸಿರಾಡಬೇಕೆಂಬ ತವಕ ಹುಟ್ಟುವದೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಹಾಗಲ್ಲವೆಂದು ಇಂಗ್ಲೆಂಡಿನ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ ಎಂಬವರು ೧೯೦೫ರಲ್ಲಿ ತೋರಿಸಿದರು. ಶ್ವಾಸಕೋಶದಲ್ಲಿ ಇಂಗಾಲದ ವಾಯು ಅತ್ಯಲ್ಪವಾಗಿ ಹೆಚ್ಚಿದರೂ ಉಸಿರು ಕೂಡಲೇ ಬಲವಾಗುತ್ತದೆ. ಆ ವಾಯುವಿನಿಂದ ಹುಳಿಯೇರುವ ರಕ್ತವನ್ನೂ ಮಿದುಳಿನ ದ್ರವವನ್ನೂ ಮೆಡುಲ್ಲಾದ ಬಳಿಯಿರುವ ನರಕೋಶಗಳು ಗುರುತಿಸಿ ತಳವಾರನನ್ನು ಎಚ್ಚರಿಸುತ್ತವೆ.

ಪ್ರಾಣವಾಯುವಿನ ಸುದ್ದಿಯನ್ನು ತರುವವರು ಬೇರೆ. ಕುತ್ತಿಗೆಯ ಎರಡು ಪಕ್ಕಗಳಲ್ಲಿ, ತಲೆಗೆ ರಕ್ತವನ್ನು ಒಯ್ಯುವ ನಾಡಿಯು ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕದಾದ ಒಂದೊಂದು ಗಂಟು ಇದೆ. ರಕ್ತದಲ್ಲಿ ಪ್ರಾಣವಾಯು ಬಹಳ ಇಳಿದಾಗ ಅದು ನರದ ಮೂಲಕ ಮೆಡುಲ್ಲಾಕ್ಕೆ ಕೂಗಿ ಹೇಳುತ್ತದೆ. ಇದನ್ನು ವಿಶದಪಡಿಸಿದ ಬೆಲ್ಜಿಯಂ ದೇಶದ ಹೇಮನ್ಸ್ ಎಂಬ ಪಂಡಿತನಿಗೆ ೧೯೩೮ರ ನೊಬೆಲ್ ಬಹುಮಾನವು ದೊರಕಿತು. ಇದಲ್ಲದೆ, ಶ್ವಾಸಕೋಶಗಳು ತುಂಬ ಹಿಗ್ಗಿದಾಗ ಇನ್ನು ಸಾಕು ಎಂಬ ಸುದ್ದಿಯನ್ನು ಮೇಲಕ್ಕೆ ಒಯ್ಯುವ ಒಂದು ನರವೂ ಇದೆ. ಹೇರಿಂಗ್ ಮತ್ತು ಬ್ರಾಯರ್ ಎಂಬವರು ೧೮೬೮ರಲ್ಲಿ ಇದನ್ನು ಕಂಡರು. ಎಳೆಗೂಸುಗಳಲ್ಲಿ ಈ ತಡೆಯು ದೊಡ್ಡವರಿಗಿಂತ ಬಲವಾಗಿರುತ್ತದೆ.

೪. ಕಾಲುವೆಯ ನೀರಿನಂತೆ ಬರುವ ಅಪ್ಪಣೆಗಳು

ನರವು ಕಾಲುದಾರಿಯಲ್ಲಿ ಓಡುವ ಓಲೆಕಾರನಂತೆ. ಹೇಳಬೇಕಾದ ಮನೆಗೆ ನೇರವಾಗಿ ಹೋಗಿ ಹೇಳುತ್ತಾನೆ. ದೇಹದಲ್ಲಿ ಇನ್ನೊಂದು ವಿಧವಾದ ಅಪ್ಪಣೆಯುಂಟು. ಕೆರೆಯಿಂದ ಕಾಲುವೆಗೆ ನೀರು ಬಿಟ್ಟಾಗ ಅದು ಎಲ್ಲಾ ಹೊಲಗಳ ಬದಿಯಲ್ಲಿ ಹರಿದರೂ ತೂಬು ತೆರೆದಿರುವ ಹೊಲವು ಮಾತ್ರ ಅದನ್ನು ಕುಡಿಯುತ್ತದೆ. ಹಾಗೆಯೇ ಕೆಲವು ಗ್ರಂಥಿಗಳಿಂದ ರಕ್ತಕ್ಕೆ ಸೇರುವ ರಸಗಳು ದೇಹವೆಲ್ಲಾ ಹರಿದು, ತಮಗೆ ತೂಬು ತೆರೆದಿರುವ ಅಂಗಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಇವುಗಳಿಗೆ ಹಾರ್ಮೋನುಗಳೆಂದು ಹೆಸರು. ಮಿದುಳಿನೊಳಗೆ ಒಂದು ನರಕೋಶವು ಮತ್ತೊಂದಕ್ಕೆ ಕಳುಹಿಸುವ ಇಂಥ ರಸಗಳೂ ಇವೆ.

ಬಸುರಿಯಾದ ಹೆಂಗಸು ಇದಕ್ಕೆ ಒಳ್ಳೇ ದೃಷ್ಟಾಂತ. ಆಕೆಯ ಗರ್ಭಕೋಶವು ಇನ್ನೂ ದೊಡ್ಡದಾಗುವ ಮೊದಲೇ ಆಕೆಯ ಉಸಿರು ಆಳವಾಗುತ್ತದೆ. ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಹೆಚ್ಚಿ, ಮಿದುಳಿನ ತಳವಾರನನ್ನು ಇನ್ನೂ ಚುರುಕಾಗಿರೆಂದು ಪ್ರೇರಿಸುವದೇ ಇದಕ್ಕೆ ಕಾರಣ. ಇದರಿಂದ ತಾಯಿಯ ರಕ್ತದಲ್ಲಿ ಇಂಗಾಲದ ವಾಯು ಇಳಿಯುತ್ತದೆ. ಆಗ ಕೂಸಿನ ರಕ್ತದಲ್ಲಿರುವ ಆ ವಾಯು ಸುಲಭವಾಗಿ ತಾಯಿಯ ಕಡೆಗೆ ಹರಿದುಬರುತ್ತದೆ. ಕೂಸಿಗೆ ಉಸಿರಾಡುವದಕ್ಕೆ ಇನ್ನೂ ಬಾರದು. ತಾಯಿಯು ತನಗಾಗಿಯೂ ಅದಕ್ಕಾಗಿಯೂ ಉಸಿರಾಡುತ್ತಾಳೆ. ಬಸುರಿಯು ಏದುಸಿರು ಬಿಟ್ಟಾಗ ಆಕೆಯನ್ನು ಸೋಮಾರಿಯೆಂದು ಗದರಿಸುವ ಅತ್ತೆಯರು ಈ ಮಾತನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿ. ಆದರೆ ಕುಳಿತಲ್ಲಿಯೇ ಉಸಿರು ಸಾಲದಾದರೆ, ಇಲ್ಲವೆ ಕಾಲುಮುಖಗಳು ಊದಿಕೊಂಡರೆ, ಅದು ಬೇರೆ ಮಾತು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಒರೆಕ್ಸಿನ್ ಎಂಬ ಮತ್ತೊಂದು ರಸವು ೧೯೯೮ರಲ್ಲಿ ಬೆಳಕಿಗೆ ಬಂತು. ಅದು ಮಿದುಳಿನ ತಳದಲ್ಲಿ ಹುಟ್ಟಿ ನಮ್ಮನ್ನು ಎಚ್ಚರವಾಗಿ ಇಡುತ್ತದೆ. ಎಚ್ಚರವಾಗಿರುವಾಗ ಉಸಿರಿಗೂ ಬಲ ಕೊಡುತ್ತದೆ. ಅದಿಲ್ಲದ ಇಲಿಗಳು ಎಚ್ಚರವಿದ್ದರೂ ಇಂಗಾಲದ ವಾಯುವಿಗೆ ತಕ್ಕಷ್ಟು ಬಲವಾಗಿ ಉಸಿರಾಡುವದಿಲ್ಲವೆಂದು ಕಂಡುಬಂದಿದೆ. ರಾತ್ರಿಯಲ್ಲಿ ಇಂಥ ನೆರವುಗಳು ಇಳಿದಾಗ ತಳವಾರನು ಬಹುಮಟ್ಟಿಗೆ ಒಬ್ಬನೇ ಕಾಯಬೇಕು.

ನಿಟ್ಟುಸಿರಿನ ಸಂಗತಿಯು ಇನ್ನೂ ಆಶ್ಚರ್ಯ. ದುಃಖದಲ್ಲಿ ಮಾತ್ರ ನಿಟ್ಟುಸಿರು ಬರುವದೆಂದು ನಾವು ಎಣಿಸುತ್ತೇವೆ. ಆದರೆ ಪ್ರತಿಯೊಬ್ಬನೂ ತಿಳಿಯದೆಯೇ ಗಂಟೆಗೆ ಹತ್ತು ಹನ್ನೆರಡು ಸಾರಿ ದೀರ್ಘವಾದ ಉಸಿರನ್ನು ಎಳೆಯುತ್ತಾನೆ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳಿವೆ. ಅವುಗಳಲ್ಲಿ ಕೆಲವು ಆಗಾಗ್ಗೆ ಮುದುರಿಕೊಳ್ಳುತ್ತವೆ. ನಿಟ್ಟುಸಿರು ಅವುಗಳನ್ನು ತಿರಿಗಿ ಅರಳಿಸುತ್ತದೆ. ೨೦೧೬ರಲ್ಲಿ ಅಮೇರಿಕದ ಶಾಸ್ತ್ರಜ್ಞರು ಇಲಿಗಳಲ್ಲಿ ಪರೀಕ್ಷೆ ಮಾಡಿ, ಮೆಡುಲ್ಲಾದ ಹತ್ತಿರದ ಕೆಲವೇ ನೂರು ನರಕೋಶಗಳು ಎರಡು ರಸಗಳ ಮೂಲಕ ತಳವಾರನಿಗೆ ನಿಟ್ಟುಸಿರಿನ ಅಪ್ಪಣೆಯನ್ನು ಕಳುಹಿಸುತ್ತವೆಂದು ತೋರಿಸಿದರು. ಆ ಅಪ್ಪಣೆಯನ್ನು ತಡೆದಾಗ ನಿಟ್ಟುಸಿರು ನಿಂತಿತು. ಸಾಧಾರಣ ಉಸಿರು ನಡೆದೇ ಇತ್ತು. ಆದಕಾರಣ ನಿಟ್ಟುಸಿರು ಬಿಟ್ಟ ಸಹೋದರಿಯನ್ನು, ನಿನಗೆ ನಂಬಿಕೆ ಸಾಲದೆಂದು ಯಾರೂ ಆಕ್ಷೇಪಿಸದಿರಲಿ. ನಮ್ಮ ಕರ್ತನೂ ಕಿವುಡನಾಗಿ ತೊದಲುತ್ತಿದ್ದವನನ್ನು ವಾಸಿಮಾಡುವ ಮೊದಲು ನಿಟ್ಟುಸಿರು ಬಿಟ್ಟನೆಂದು ಮಾರ್ಕನು ಬರೆದಿದ್ದಾನಲ್ಲವೇ?

೫. ಒಂದು ತಿದಿಗೆ ಎರಡು ಕೈಗಳು

ಹೃದಯವನ್ನು ನಿಲ್ಲಿಸೆಂದರೆ ನಿಲ್ಲಿಸಲಾರೆವು. ಉಸಿರನ್ನಾದರೋ ಕೆಲವು ಹೊತ್ತು ಬಿಗಿಹಿಡಿಯಬಲ್ಲೆವು. ಕೀರ್ತನೆಯನ್ನು ಹಾಡುವಾಗ ಒಂದೊಂದು ಸಾಲಿನ ಕೊನೆಗೆ ತಕ್ಕಂತೆ ಉಸಿರೆಳೆದುಕೊಳ್ಳುತ್ತೇವೆ. ಮಿದುಳಿನ ಮೇಲ್ಪದರದಿಂದ, ಅಂದರೆ ನಮ್ಮ ಇಚ್ಛೆಯ ಸ್ಥಾನದಿಂದ, ಬೇರೊಂದು ನರಮಾರ್ಗವು ಬೆನ್ನುಹುರಿಗೆ ಇಳಿಯುವದೇ ಇದಕ್ಕೆ ಕಾರಣ. ಆದರೆ ಈ ಇಚ್ಛೆಯ ದೊರೆತನಕ್ಕೆ ಮಿತಿಯುಂಟು. ಹಠಮಾಡಿ ಅತ್ತು ಉಸಿರು ಕಟ್ಟಿಕೊಂಡು ನೀಲಿಯಾಗುವ ಮಗುವನ್ನು ನೋಡಿ ಮನೆಯವರು ಹೆದರುತ್ತಾರೆ. ಆ ಮಗು ಪ್ರಜ್ಞೆ ತಪ್ಪಿದರೂ ಸಾಧಾರಣವಾಗಿ ಒಂದು ನಿಮಿಷದೊಳಗೆ ತಾನಾಗಿ ಉಸಿರಾಡುತ್ತದೆ. ಯಾಕಂದರೆ ಇಚ್ಛೆಯು ಕೈಬಿಟ್ಟ ಕೂಡಲೇ ತಳವಾರನು ತಿದಿಯನ್ನು ಹಿಡಿಯುತ್ತಾನೆ. ಹಾಗೆ ಮೊದಲ ಸಾರಿ ಆದಾಗ ಮಗುವನ್ನು ವೈದ್ಯರಿಗೆ ತೋರಿಸುವದು ಒಳ್ಳೇದು.

ಬಹು ಅಪರೂಪವಾಗಿ ಕೆಲವು ಮಕ್ಕಳು ಎಚ್ಚರವಾಗಿರುವಾಗ ಚೆನ್ನಾಗಿ ಉಸಿರಾಡಿ, ನಿದ್ದೆಹೋದ ಕೂಡಲೇ ಉಸಿರು ಸಾಲದೆ ಸಂಕಟಕ್ಕೆ ಗುರಿಯಾಗುತ್ತಾರೆ. ಒಂದು ವಂಶವಾಹಿಯಲ್ಲಿರುವ ದೋಷವೇ ಇದಕ್ಕೆ ಕಾರಣವೆಂದು ೨೦೦೩ರಲ್ಲಿ ತಿಳಿದುಬಂತು. ಇಂಥ ಮಕ್ಕಳಿಗೆ ಪ್ರತಿ ರಾತ್ರಿಯೂ ಯಂತ್ರದಿಂದ ಉಸಿರು ಕೊಡಬೇಕು. ಅವರ ತಾಯಿತಂದೆಗಳು ಕಾಯುವ ರಾತ್ರಿಗಳನ್ನು ನೆನಸಿಕೊಂಡರೆ, ನಾವು ಕೃತಜ್ಞತೆ ಹೇಳದೆ ಎದ್ದುಬಂದ ಮುಂಜಾನೆಗಳು ಎಷ್ಟೆಂದು ನಾಚಿಕೆಯಾಗುವದು.

ಶ್ವಾಸದಿಂದ ಮನಸ್ಸಿನ ಕಡೆಗೆ ಹೋಗುವ ದಾರಿಯೂ ಇದೆ. ತಳವಾರನ ಗುಂಪಿನಲ್ಲಿರುವ ಕೆಲವು ಕೋಶಗಳು ಮಿದುಳಿನಲ್ಲಿ ಎಚ್ಚರವನ್ನೂ ಕಳವಳವನ್ನೂ ಎಬ್ಬಿಸುವ ಸ್ಥಾನಕ್ಕೆ ಸುದ್ದಿ ಕಳುಹಿಸುತ್ತವೆ. ೨೦೧೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆ ಕೋಶಗಳನ್ನು ಕಳಕೊಂಡ ಇಲಿಗಳು ಉಸಿರಾಡುತ್ತಲೇ ಬಹು ಶಾಂತವಾದವು. ಭಯದಲ್ಲಿರುವವನನ್ನು ಕೂರಿಸಿ ಮೆಲ್ಲಗೆ ಉಸಿರಾಡೆಂದು ಹೇಳುವ ಹಿರಿಯರ ಬುದ್ಧಿವಾದಕ್ಕೆ ಇದೂ ಒಂದು ಆಧಾರವಾಗಿರಬಹುದು.

೬. ಕಾವಲು ತಪ್ಪುವ ಸಮಯಗಳು

ಇಷ್ಟನ್ನು ತಿಳಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಎದುರಾಗುವ ಅಪಾಯಗಳನ್ನು ನೋಡೋಣ.

ಮೊದಲನೆಯದು, ದಿನ ತುಂಬದೆ ಹುಟ್ಟಿದ ಕೂಸು. ಇದರ ಮೆಡುಲ್ಲಾ ಇನ್ನೂ ಬಲಿತಿರುವದಿಲ್ಲ. ತಳವಾರನು ಎಳೆಯವನು, ನಡುನಡುವೆ ತಾಳವನ್ನು ಮರೆಯುತ್ತಾನೆ. ಕೂಸಿನ ಉಸಿರು ೨೦ ಸೆಕೆಂಡಿಗಿಂತ ಹೆಚ್ಚು ನಿಂತರೆ ಅಪಾಯ. ಅಂಗಾಲನ್ನಾಗಲಿ ಬೆನ್ನನ್ನಾಗಲಿ ಮೆಲ್ಲಗೆ ಉಜ್ಜಿದರೆ ಅನೇಕ ವೇಳೆ ಅದು ತಿರಿಗಿ ಉಸಿರಾಡುತ್ತದೆ. ಆಸ್ಪತ್ರೆಗಳಲ್ಲಿ ಇಂಥ ಕೂಸುಗಳಿಗೆ ಕೆಫೀನ್ ಎಂಬ ಔಷಧವನ್ನು ಅಳತೆಮಾಡಿ ಕೊಡುತ್ತಾರೆ. ಕೊಡಗು ಚಿಕ್ಕಮಗಳೂರುಗಳ ತೋಟಗಳಲ್ಲಿ ಬೆಳೆಯುವ ಕಾಫಿಬೀಜದಲ್ಲಿರುವ ವಸ್ತುವೇ ಇದು. ನಿದ್ದೆಯನ್ನು ಓಡಿಸುವ ಹಾಗೆಯೇ ಎಳೆಯ ತಳವಾರನನ್ನೂ ಎಚ್ಚರಿಸುತ್ತದೆ. ಆದರೆ ಮನೆಯಲ್ಲಿ ಕೂಸಿನ ಬಾಯಿಗೆ ಕಾಫಿಯನ್ನು ಹಾಕಲೇಬಾರದು. ಕೂಸನ್ನು ತಾಯಿಯ ಬರಿಯ ಎದೆಗೆ ಅಪ್ಪಿಸಿ, ಬೆಚ್ಚಗಿಟ್ಟು, ಆಸ್ಪತ್ರೆಗೆ ಒಯ್ಯಬೇಕು. ಇಂಥ ಕೂಸನ್ನು ಹೆತ್ತದ್ದು ತಾಯಿಯ ಪಾಪದ ಫಲವಲ್ಲ. ಹುಟ್ಟುಕುರುಡನ ವಿಷಯದಲ್ಲಿ ಯಾರ ಪಾಪವೆಂದು ಕೇಳಿದ ಶಿಷ್ಯರಿಗೆ ಸ್ವಾಮಿಯು ಕೊಟ್ಟ ಉತ್ತರವನ್ನು ನಾವು ಬಲ್ಲೆವು.

ಎರಡನೆಯದು, ಅಫೀಮು ಮತ್ತು ಅದರ ಕುಲದ ಔಷಧಗಳು. ನೋವನ್ನು ಅಡಗಿಸುವದಕ್ಕೆ ವೈದ್ಯರು ಇವುಗಳನ್ನು ಕೊಡುವದುಂಟು, ಅದು ಯೋಗ್ಯವೇ. ಆದರೆ ಇವು ಆ ತಾಳ ಬಡಿಯುವ ಕೋಶಗಳಿಗೇ ಮಂಕು ಕವಿಸುತ್ತವೆ. ಪ್ರಮಾಣ ಮೀರಿದರೆ ರೋಗಿಗೆ ಉಸಿರು ಬೇಕೆಂಬ ತವಕವೇ ಹುಟ್ಟದು. ಸಂಕಟವಿಲ್ಲದೆ ನಿದ್ರಿಸುತ್ತಾ ಉಸಿರು ನಿಲ್ಲುವದು. ಅಳುವ ಕೂಸನ್ನು ಮಲಗಿಸಲಿಕ್ಕೆ ಅಫೀಮು ನೆಕ್ಕಿಸುವ ಹಳೇ ದುರಭ್ಯಾಸವು ಎಷ್ಟು ತೊಟ್ಟಿಲುಗಳನ್ನು ಬರಿದುಮಾಡಿತೋ ದೇವರೇ ಬಲ್ಲನು. ದೊಡ್ಡವರ ಕೆಮ್ಮಿನ ಔಷಧವನ್ನು ಮಕ್ಕಳಿಗೆ ಕೊಡಬಾರದು. ಹೆಂಡಸಾರಾಯಿಯೊಡನೆ ನಿದ್ದೆಯ ಮಾತ್ರೆಗಳನ್ನು ನುಂಗುವವನ ಉಸಿರೂ ಹೀಗೆಯೇ ಕುಗ್ಗುತ್ತದೆ.

ಮೂರನೆಯದು, ಹಾವಿನ ಕಡಿತ. ನಾಗರಹಾವು, ಕಟ್ಟುಹಾವು ಇವುಗಳ ವಿಷವು ನರದ ಅಪ್ಪಣೆಯು ಮಾಂಸವನ್ನು ಮುಟ್ಟುವ ಬಾಗಿಲನ್ನು ಮುಚ್ಚುತ್ತದೆ. ತಳವಾರನು ಕೂಗುತ್ತಲೇ ಇರುತ್ತಾನೆ, ವಪೆಗೆ ಕೇಳಿಸುವದಿಲ್ಲ. ಕಟ್ಟುಹಾವು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು, ಹೆಚ್ಚು ನೋವಿಲ್ಲದೆ ಕಡಿಯುವದುಂಟು. ರೆಪ್ಪೆಗಳು ಜೋತುಬೀಳುವದು, ಮಾತು ತೊದಲುವದು, ನುಂಗಲಾಗದಿರುವದು ಇದರ ಗುರುತುಗಳು. ಅಂಥವನು ಕಣ್ಣು ತೆರೆಯದೆ ಅಲುಗದೆ ಬಿದ್ದಿದ್ದರೂ ಅವನ ಮಿದುಳು ಎಚ್ಚರವಾಗಿರಬಹುದು; ನಿಮ್ಮ ಮಾತುಗಳನ್ನೆಲ್ಲಾ ಕೇಳುತ್ತಿರಬಹುದು. ಸತ್ತನೆಂದು ಗೋಳಾಡಬೇಡಿರಿ. ಮಂತ್ರ ಹಾಕಿಸುವದು, ಗಾಯವನ್ನು ಕೊಯ್ಯುವದು, ಹಗ್ಗ ಬಿಗಿಯುವದು ಇವುಗಳಲ್ಲಿ ಹೊತ್ತು ಕಳೆಯದೆ, ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ೧೦೮ಕ್ಕೆ ಫೋನ್ ಮಾಡಿರಿ. ಉಸಿರು ನಿಂತರೆ ಬಾಯಿಂದ ಬಾಯಿಗೆ ಉಸಿರು ಊದುತ್ತಾ ಹೋಗಿರಿ. ಪ್ರತಿವಿಷವೂ ಉಸಿರಿನ ಯಂತ್ರವೂ ಸಿಕ್ಕಿದರೆ ಇಂಥವರು ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲರು. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡತಕ್ಕ ವ್ಯಾಧಿಗಳಲ್ಲಿ ಸೇರಿಸಿತು.

ನಾಲ್ಕನೆಯದು, ಕೆಟ್ಟ ಗಾಳಿಯ ಗುಂಡಿಗಳು. ಬಯಲುಸೀಮೆಯ ಹಿರಿಯರು ಜೋಳವನ್ನು ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳುಗಳೂ ಉಸಿರಾಡಿ ಪ್ರಾಣವಾಯುವನ್ನು ಮುಗಿಸಿ ಇಂಗಾಲದ ವಾಯುವನ್ನು ತುಂಬುತ್ತವೆ. ಆ ವಾಯು ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಬಹು ದಟ್ಟವಾದ ಈ ವಾಯು ಎಚ್ಚರಿಸುವ ಬದಲಿಗೆ ಮಿದುಳನ್ನೇ ಮಂಕುಗೊಳಿಸುತ್ತದೆ. ಬೇರೆ ವಾಯುವಿನಿಂದ ಪ್ರಾಣವಾಯು ಮಾತ್ರ ಕಡಿಮೆಯಾಗಿದ್ದರೆ, ಇಂಗಾಲದ ವಾಯು ಹೆಚ್ಚದ ಕಾರಣ ತಕ್ಕ ಎಚ್ಚರಿಕೆಯೇ ಬಾರದೆ ಮನುಷ್ಯನು ಕುಸಿದುಬೀಳುತ್ತಾನೆ. ಪಾಳುಬಾವಿಗಳೂ ಮಲದ ಗುಂಡಿಗಳೂ ಹೀಗೆಯೇ. ಒಬ್ಬನು ಬಿದ್ದರೆ ಅವನನ್ನು ಎತ್ತಲಿಕ್ಕೆ ತಮ್ಮನು ಇಳಿಯುತ್ತಾನೆ, ಅವನ ಹಿಂದೆ ತಂದೆಯು ಇಳಿಯುತ್ತಾನೆ. ಒಂದೇ ಮನೆಯಿಂದ ಮೂರು ಹೆಣಗಳು ಹೊರಡುತ್ತವೆ. ಪ್ರೀತಿಯೇ ಅವರನ್ನು ಇಳಿಸಿತು, ನಿಜ; ಆದರೆ ತಿಳುವಳಿಕೆಯಿಲ್ಲದ ಪ್ರೀತಿಯು ಬಿದ್ದವನನ್ನು ಎತ್ತಲಿಲ್ಲ. ಇಳಿಯದೆ ಕೂಡಲೇ ೧೧೨ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳವನ್ನು ಕರೆಯಿರಿ. ದೀಪವು ಆರದಿದ್ದ ಮಾತ್ರಕ್ಕೆ ಗುಂಡಿಯು ಸುರಕ್ಷಿತವೆಂದು ನಂಬಬೇಡಿರಿ; ಮಲದ ಗುಂಡಿಯ ಹತ್ತಿರ ದೀಪವನ್ನು ತರಲೇಬೇಡಿರಿ, ಅಲ್ಲಿಯ ವಾಯು ಹೊತ್ತಿಕೊಳ್ಳುವದುಂಟು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಮಲದ ಗುಂಡಿಗೂ ಚರಂಡಿಗೂ ಇಳಿಸುವದನ್ನು ೨೦೧೩ರ ಕಾನೂನು ನಿಷೇಧಿಸಿದೆ. ಕೂಲಿಯ ಆಶೆಯಿಂದಾಗಲಿ ಹಿರಿಯರು ಮಾಡುತ್ತಿದ್ದರೆಂದಾಗಲಿ ನಮ್ಮ ಸಭೆಯ ಯಾವ ಸಹೋದರನೂ ಇಳಿಯದಿರಲಿ. ಇಳಿಯೆಂದು ಹೇಳುವ ಯಜಮಾನನಿಗೆ ಕಾನೂನನ್ನು ತಿಳಿಸಲು ಸಭೆಯ ಹಿರಿಯರು ಅವನ ಸಂಗಡ ನಿಲ್ಲಲಿ.

ಬಾವಿಯಲ್ಲಿ ಈಜುವ ಹುಡುಗರಿಗೂ ಒಂದು ಮಾತು. ನೀರಿನೊಳಗೆ ಹೆಚ್ಚು ಹೊತ್ತು ಇರುವದಕ್ಕಾಗಿ ಮೊದಲು ಬೇಗಬೇಗನೆ ಆಳವಾಗಿ ಉಸಿರಾಡಿ ಮುಳುಗುವ ಪಂದ್ಯವನ್ನು ಬಿಟ್ಟುಬಿಡಿರಿ. ಇದರಿಂದ ಇಂಗಾಲದ ವಾಯು ಹೊರಟುಹೋಗಿ, ಮೇಲಕ್ಕೆ ಬಾ ಎಂಬ ಎಚ್ಚರಿಕೆಯು ಬರುವ ಮೊದಲೇ ಪ್ರಾಣವಾಯು ತೀರಿ ನೀರಿನಲ್ಲೇ ಪ್ರಜ್ಞೆ ತಪ್ಪುವದು.

೭. ಕೋಪನ್‌ಹೇಗನ್ ಪಟ್ಟಣದ ಕೈಗಳು

ತಳವಾರನು ಬಿದ್ದುಹೋದಾಗ ನೆರೆಯವರು ಏನು ಮಾಡಬಹುದೆಂಬದಕ್ಕೆ ಒಂದು ನಿಜವಾದ ಸಂಗತಿಯನ್ನು ಹೇಳಿ ಮುಗಿಸುವೆವು. ೧೯೫೨ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ರೋಗವು ಘೋರವಾಗಿ ಹಬ್ಬಿತು. ರೋಗದ ವಿಷಾಣುವು ಅನೇಕರ ಬೆನ್ನುಹುರಿಗೂ ಮೆಡುಲ್ಲಾಕ್ಕೂ ತಗಲಿ ಅವರ ಉಸಿರನ್ನು ಕಟ್ಟಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಿನ ಯಂತ್ರಗಳು ಬೆರಳೆಣಿಕೆಯಷ್ಟು ಮಾತ್ರ ಇದ್ದವು. ಮೊದಲ ಕೆಲವು ವಾರಗಳಲ್ಲಿ ಯಂತ್ರದ ನೆರವು ಬೇಕಾದ ೩೧ ಮಂದಿಯಲ್ಲಿ ೨೭ ಮಂದಿ ತೀರಿಹೋದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನು, ಸಾಯುವ ಸ್ಥಿತಿಯಲ್ಲಿದ್ದ ಹನ್ನೆರಡು ವರುಷದ ಹುಡುಗಿಯ ಗಂಟಲಿನಲ್ಲಿ ರಂಧ್ರ ಮಾಡಿಸಿ, ಕೊಳವೆಯಿಟ್ಟು, ಅದಕ್ಕೆ ಒಂದು ರಬ್ಬರಿನ ಚೀಲವನ್ನು ಸೇರಿಸಿ ಕೈಯಿಂದ ಹಿಸುಕಿ ಉಸಿರು ಕೊಟ್ಟನು. ಹುಡುಗಿಯು ಬದುಕಿದಳು.

ಆದರೆ ಅಂಥ ರೋಗಿಗಳು ಅನೇಕರಿದ್ದರು. ಚೀಲವನ್ನು ಹಗಲು ರಾತ್ರಿ ಬಿಡದೆ ಹಿಸುಕಬೇಕಲ್ಲವೇ? ವೈದ್ಯಶಾಲೆಯ ವಿದ್ಯಾರ್ಥಿಗಳು ಮುಂದೆ ಬಂದರು. ಸುಮಾರು ೧,೫೦೦ ಮಂದಿ ಸರದಿಯ ಮೇಲೆ ರೋಗಿಗಳ ತಲೆಯ ಬಳಿಯಲ್ಲಿ ಕುಳಿತು, ತಿಂಗಳುಗಟ್ಟಲೆ ಚೀಲವನ್ನು ಹಿಸುಕಿದರು. ರೋಗಿಯ ಮಿದುಳು ಕೊಡಲಾರದ ತಾಳವನ್ನು ನೆರೆಯವನ ಕೈ ಕೊಟ್ಟಿತು. ಸಾಯುವವರ ಸಂಖ್ಯೆಯು ನೂರಕ್ಕೆ ಎಂಬತ್ತೇಳರಿಂದ ನಲವತ್ತಕ್ಕೂ ಕೆಳಗೆ ಇಳಿಯಿತು. ಕಠಿಣ ರೋಗಿಗಳನ್ನು ಎಡೆಬಿಡದೆ ಕಾಯುವ ಈಗಿನ ವಿಶೇಷ ವಾರ್ಡುಗಳು ಈ ಕಾರ್ಯದಿಂದ ಬೆಳೆದವು. ಪೋಲಿಯೋ ಹನಿಗಳನ್ನು ಹಾಕಿದ ಅನೇಕ ಕೈಗಳ ದೆಸೆಯಿಂದ ಭಾರತವೂ ೨೦೧೪ರಲ್ಲಿ ಆ ರೋಗದಿಂದ ಬಿಡುಗಡೆ ಹೊಂದಿದ ದೇಶವೆಂದು ಎಣಿಸಲ್ಪಟ್ಟಿತು.

ಪ್ರಿಯ ವಾಚಕರೇ, ನಾವು ಮಲಗಿರುವಾಗ ನಮ್ಮನ್ನು ಕಾಯುವ ಒಂದು ತಾಳವನ್ನು ದೇವರು ನಮ್ಮೊಳಗೆ ಇಟ್ಟಿದ್ದಾನೆ. ಅದನ್ನು ನಾವು ಸಂಪಾದಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ನಂಬುವವನಿಗೂ ನಂಬದವನಿಗೂ, ಮೇಲಿನ ಕೇರಿಯವನಿಗೂ ಕೆಳಗಿನ ಕೇರಿಯವನಿಗೂ ಅದು ಒಂದೇ ರೀತಿಯಾಗಿ ಬಡಿಯುತ್ತದೆ. ಅದರ ದಾರಿಗಳನ್ನು ಶಾಸ್ತ್ರಜ್ಞರು ಕಂಡುಹಿಡಿದ ಮಾತ್ರಕ್ಕೆ ದೇವರಿಗೆ ಅಲ್ಲಿ ಸ್ಥಳವಿಲ್ಲವೆಂದು ಹೆದರಬೇಕಾಗಿಲ್ಲ. ಕಾಲುವೆಯನ್ನು ತೋರಿಸಿದವನು ಮಳೆಯನ್ನು ಅಲ್ಲಗಳೆಯಲಿಲ್ಲ. ಮತ್ತು ಆ ತಾಳವು ಒಬ್ಬನಲ್ಲಿ ಕುಂದಿದಾಗ ದೇವರು ಇನ್ನೊಬ್ಬನ ಕೈಯನ್ನು ಬೇಡುತ್ತಾನೆ. ಈ ರಾತ್ರಿ ಪ್ರಾರ್ಥನೆ ಮಾಡಿ ಮಲಗುವಾಗ, ನಿಮ್ಮ ಮನೆಯಲ್ಲಿ ಉಸಿರಾಡುವವರ ಸದ್ದನ್ನು ಒಂದು ಗಳಿಗೆ ಆಲಿಸಿರಿ. ನಿಮ್ಮ ಕೈಗಳು ಯಾರಿಗಾಗಿ ಸಿದ್ಧವಾಗಿರಬೇಕೆಂದೂ ಯೋಚಿಸಿರಿ.

ಸಭಾಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಹೃದಯಕ್ಕೂ ಶ್ವಾಸಕೋ಼ಶಕ್ಕೂ ತಾಳದ ವಿಷಯದಲ್ಲಿರುವ ಭೇದವೇನು?

೨. ಉಸಿರಾಡಬೇಕೆಂಬ ತವಕವನ್ನು ಮುಖ್ಯವಾಗಿ ಎಬ್ಬಿಸುವ ವಾಯು ಯಾವದು? ಪ್ರಾಣವಾಯುವಿನ ಸುದ್ದಿಯನ್ನು ತರುವ ಗಂಟುಗಳು ಎಲ್ಲಿವೆ?

೩. ಬಸುರಿಯ ಉಸಿರು ಆಳವಾಗುವದರಿಂದ ಕೂಸಿಗೆ ಆಗುವ ಉಪಕಾರವೇನು?

೪. ಅಫೀಮಿನಿಂದ ಉಸಿರು ನಿಲ್ಲುವದಕ್ಕೂ ಹಾವಿನ ವಿಷದಿಂದ ನಿಲ್ಲುವದಕ್ಕೂ ವ್ಯತ್ಯಾಸವೇನು?

೫. ನಮ್ಮ ಊರಿನಲ್ಲಿ ಮುಚ್ಚದ ಪಾಳುಬಾವಿಗಳೂ ಗುಂಡಿಗಳೂ ಎಷ್ಟಿವೆ? ಅವುಗಳ ವಿಷಯದಲ್ಲಿ ಸಭೆಯು ಈ ತಿಂಗಳು ಏನು ಮಾಡಬಹುದು?